ಧರೆಪ್ಪನ ಗಾಡಿಯ ಬಲಗಡೆ ಡಬ್ಬಿ

ಈಗ ಹೇಳುವುದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೆ ನಾಳೆ ಬೆಳಿಗ್ಗೆ ನನ್ನ ಗಾಡಿ ಚಾಲೂ ಆಗದಿರಲಿ. ನನ್ನ ಹತ್ತಿರ ಗಾಡಿಯೇ ಇಲ್ಲ ಎನ್ನುವುದು ಬೇರೆ ಮಾತು. ಆಣೆ ಅಂದರೆ ಆಣೆ. ನಾಲ್ಕು ದಿನದಿಂದ ನಿಮ್ಮ ಗಾಡಿ ಬೆಳಿಗ್ಗೆ ಏಳುತ್ತಿಲ್ಲ ಎಂದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಚಹಾ ಹೇಳಿದ್ದೇನೆ, ಬರುವವರೆಗೆ ಕುಳಿತುಕೊಳ್ಳಿ.

ಅಕ್ಕಲಕೋಟೆ ತಾಲೂಕಿನ ತಡವಳದಲ್ಲಿ ಧರೆಪ್ಪ ಅಂತ ಒಬ್ಬ ಇದ್ದಾನೆ. ಅವನಿಗೆ ಮೂವತ್ತೆರಡು ಕುರಿ, ಒಂದಿಷ್ಟು ಜೋಳದ ಹೊಲ, ಒಂದು ಕೆಂಪು ಮೋಟರ್‌ಸೈಕಲ್ಲು ಮತ್ತು ಒಂದು ಜ್ಞಾನ. ಕುರಿ, ಹೊಲ ಅಪ್ಪನಿಂದ ಬಂದವು. ಮೋಟರ್‌ಸೈಕಲ್ಲು ಯಾರೋ ಓಡಿಸಿ ಸಾಕಾಗಿ ಬಿಟ್ಟದ್ದು. ಅದರ ಕಿಕ್ ಆ ಮನುಷ್ಯನ ಕಾಲದಲ್ಲೇ ಮುರಿದು ಹೋಗಿ, ಈಗ ಬಟನ್ ಒತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಲಗಡೆ ಸೀಟಿನ ಕೆಳಗೆ ಸಾಮಾನು ಇಡುವ ಒಂದು ಡಬ್ಬಿ ಇತ್ತು, ಅದರ ಸಣ್ಣ ಕೀಲಿ ಎಂದೋ ಕಳೆದಿತ್ತು. ಜ್ಞಾನ ಮಾತ್ರ ಧರೆಪ್ಪನ ಸ್ವಂತ ಸಂಪಾದನೆ. ಒಂದು ಸಾರಿ ಅಕ್ಕಲಕೋಟೆಯಲ್ಲಿ ಮಳೆ ಹಿಡಿದಾಗ ಒಂದು ಗ್ಯಾರೇಜಿನ ತಗಡಿನ ಕೆಳಗೆ ಎರಡು ತಾಸು ನಿಂತಿದ್ದ. ಮಳೆ ನಿಂತಾಗ ಆ ತಗಡಿನ ಕೆಳಗಿನಿಂದ ಮೆಕ್ಯಾನಿಕ್ ಆಗಿ ಹೊರಗೆ ಬಂದ.

ಆ ಎರಡು ತಾಸಿನಲ್ಲಿ ಗ್ಯಾರೇಜಿನವನು ರಿಪೇರಿ ಮಾಡಿದ್ದು ಒಂದೇ ಗಾಡಿ. ಅದರ ಪ್ಲಗ್ ಕೆಟ್ಟಿತ್ತು. ಹೀಗಾಗಿ ಧರೆಪ್ಪನ ಶಾಸ್ತ್ರದಲ್ಲಿ ರೋಗ ಒಂದೇ. ಗಾಡಿ ಚಾಲೂ ಆಗದಿದ್ದರೆ ಪ್ಲಗ್, ಹೊಗೆ ಬಂದರೆ ಪ್ಲಗ್. ಒಮ್ಮೆ ತಮ್ಮ ರೇವಣ್ಣ ಪಂಚರ್ ಆದ ಗಾಡಿ ತಳ್ಳಿಕೊಂಡು ಬಂದಾಗಲೂ ಧರೆಪ್ಪ ಕಟ್ಟೆಯಿಂದ ಇಳಿದು ನೋಡಿ ಹೇಳಿದ್ದ: "ಪಂಚರ್ ಯಾಕ ಆತು? ಗಾಡಿ ಝಟಕಾ ಹೊಡದೈತಿ. ಝಟಕಾ ಯಾಕ ಹೊಡೀತು? ಪ್ಲಗ್ಗಿನಾಗ ಕಚರಾ ಕುಂತೈತಿ."

ಚಿಕಿತ್ಸೆಯೂ ಒಂದೇ. ಪ್ಲಗ್ ಬಿಚ್ಚುವುದು, ಪೆಟ್ರೋಲಿನಲ್ಲಿ ತೊಳೆಯುವುದು, ಧೋತರದ ಚುಂಗಿನಿಂದ ಒರೆಸುವುದು, ಸೂರ್ಯನಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು, ಆಮೇಲೆ ಅರ್ಧ ತಾಸು ಭಾಷಣ. ಹತ್ತರಲ್ಲಿ ಆರು ಗಾಡಿಗಳು ಭಾಷಣ ಮುಗಿಯುವುದರೊಳಗೆ ತಣ್ಣಗಾಗಿ ತಾವೇ ಚಾಲೂ ಆಗುತ್ತಿದ್ದವು. ಉಳಿದ ನಾಲ್ಕರ ಮಾಲೀಕರು ಮತ್ತೆ ತಡವಳಕ್ಕೆ ಬರುತ್ತಿರಲಿಲ್ಲ.

ಈ ಜ್ಞಾನ ಅವನ ಮಗಳು ಕಾಜಲಳ ಎರಡು ಸಂಬಂಧ ಮುರಿದಿತ್ತು. ಮೊದಲನೇ ಹುಡುಗನ ಅಪ್ಪನನ್ನು ಧರೆಪ್ಪ ಬಸ್ಸಿಗೆ ಬಿಡಲು ಹೋದವನು ದಾರಿಯಲ್ಲಿ ಗಾಡಿ ನಿಲ್ಲಿಸಿ ಪ್ಲಗ್ ಬಿಚ್ಚಿ ತೋರಿಸಿದ. ಬಸ್ಸು ಹೋಯಿತು, ಸಂಬಂಧವೂ ಹೋಯಿತು. ಎರಡನೆಯವನ ಅಪ್ಪನಿಗೆ, "ಹಿಡಕೊಂಡ ನೋಡ್ರಿ ಬೀಗರ, ಹಗರ ಐತಿ" ಎಂದು ಆಗ ತಾನೇ ಬಿಚ್ಚಿದ ಬಿಸಿ ಪ್ಲಗ್ಗನ್ನು ಅಂಗೈಯಲ್ಲಿ ಇಟ್ಟ. ಆ ಹಿರಿಯರು ಕೈ ಊದುತ್ತಾ ನಡೆದೇ ಊರಿಗೆ ಹೋದರು.

ಮೂರನೆಯದು ಮಂದ್ರೂಪದ ಕಾಮಣ್ಣನ ಮಗ ಅಮೋಲ. ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೇ ಗ್ಯಾರೇಜು. ಹುಡುಗ ಹುಡುಗಿ ಒಪ್ಪಿದ್ದರು. ಆದಿತ್ಯವಾರ ಸುಪಾರಿ ಒಡೆಯುವುದೆಂದು ಗೊತ್ತಾಯಿತು. ಅವರಲ್ಲಿ ಎರಡೂ ಕಡೆಯ ಹಿರಿಯರ ಎದುರಿಗೆ ಸುಪಾರಿ, ಅಂದರೆ ಅಡಿಕೆ, ಒಡೆದರೆ ಲಗ್ನ ಪಕ್ಕಾ. ಅಲ್ಲಿಯವರೆಗೆ ಎಲ್ಲ ಗಾಳಿಮಾತು. ಕಾಜಲ ಅಪ್ಪನ ಎದುರಿಗೆ ಬಂದು ನಿಂತಳು.

"ಅಪ್ಪಾ, ಸುಪಾರಿ ಒಡಿಯೂತನ ಪ್ಲಗ್ಗಿನ ಹೆಸರ ತಗೀಬ್ಯಾಡ. ಇವರೂ ಹೋದ್ರ ನಾ ಲಗ್ನದ ಸುದ್ದಿನ ಬಿಟ್ಟು ಕುರಿ ಹಿಂದ ಹೊಕ್ಕೀನಿ."

"ನಾ ಯಾಕ ತಗೀಲೆವ್ವಾ," ಎಂದ ಧರೆಪ್ಪ, ನೊಂದವನ ಹಾಗೆ. "ಕೇಳಿದ್ರ ಹೇಳೂದು, ಇಲ್ಲಂದ್ರ ಇಲ್ಲ."

"ಕೇಳಿದ್ರೂ ಹೇಳಬ್ಯಾಡ."

ಆ ವಾರವೇ ಗಾಡಿ ಕೈಕೊಟ್ಟಿತು. ಬೆಳಿಗ್ಗೆ ಬಟನ್ ಒತ್ತಿದರೆ ಕಟ್ ಕಟ್ ಕಟ್, ಅಷ್ಟೇ. ಹಾರ್ನ್ ಒತ್ತಿದರೆ ಆಗ ಹುಟ್ಟಿದ ಕುರಿಮರಿಯ ಸದ್ದು. ಹೆಂಡತಿ ಸುಮಿತ್ರಾಬಾಯಿ ಮತ್ತು ರೇವಣ್ಣ ಹಿಂದಿನಿಂದ ನೂಕುತ್ತಾ ಊರ ಹೊರಗಿನವರೆಗೆ ಓಡಬೇಕು, ಅಲ್ಲಿ ಅದು ಕೆಮ್ಮಿ ಚಾಲೂ ಆಗುತ್ತಿತ್ತು. ಎದುರು ಮನೆಯ ಸುಗಲಾಬಾಯಿ ದಿನಾ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಾ ಇದನ್ನು ನೋಡುತ್ತಿದ್ದಳು.

"ಧರೆಪ್ಪಾ, ಪೆಟ್ರೋಲ್ ಗಾಡಿಗೆ ಹಾಕ್ತೀಯೋ, ಸುಮಿತ್ರಾಗ ಕುಡಸ್ತೀಯೋ? ಓಡೂದು ಅಕೀನ ಅದಾಳ."

ಧರೆಪ್ಪ ಆ ವಾರ ಹನ್ನೊಂದು ಸಾರಿ ಪ್ಲಗ್ ತೊಳೆದ. ರೇವಣ್ಣ ಒಂದು ದಿನ ಏದುಸಿರು ಬಿಡುತ್ತಾ, "ಅಣ್ಣಾ, ಬ್ಯಾಟ್ರಿ ಇಳದಂಗ ಕಾಣ್ತೈತಿ" ಎಂದ.

"ನೀ ಎಷ್ಟ ತಾಸ ಗ್ಯಾರೇಜಿನಾಗ ನಿಂತೀದಿ?" ಎಂದು ಧರೆಪ್ಪ ಕೇಳಿದ. ರೇವಣ್ಣ ಒಂದು ತಾಸೂ ನಿಂತಿರಲಿಲ್ಲ.

ಆದರೂ ಮರುದಿನ ರೇವಣ್ಣನೇ ಗಾಡಿಯನ್ನೂ ಅಣ್ಣನನ್ನೂ ಅಕ್ಕಲಕೋಟೆಗೆ ಎಳೆದುಕೊಂಡು ಹೋದ. ಅಮೋಲನ ಗ್ಯಾರೇಜಿಗೆ ಒಯ್ಯೋಣವೆಂದರೆ ಧರೆಪ್ಪ ಒಪ್ಪಲಿಲ್ಲ; ಅಳಿಯನಾಗುವವನ ಕೈಯಲ್ಲಿ ಮಾವನ ಗಾಡಿಯ ನಾಡಿ ಸಿಗಬಾರದು. ಬ್ಯಾಟರಿ ಚಾರ್ಜ್ ಮಾಡುವ ಸಿದ್ದೇಶ್ವರನ ಅಂಗಡಿಗೆ ಹೋದರು. ಅವನು ಎಡಗಡೆಯ ತಗಡಿನ ಮುಚ್ಚಳ ಬಿಚ್ಚಿ ನೋಡಿ ಹುಬ್ಬು ಏರಿಸಿದ.

"ಮಾಮಾ, ಬ್ಯಾಟ್ರಿಯಿಂದ ಎರಡ ವಾಯರ್ ಜಾಸ್ತಿ ಹೋಗ್ಯಾವಲ್ರಿ. ಬಲಗಡಿ ಡಬ್ಬಿಗೆ ಏನ ಹಚ್ಚೀರಿ?"

ಧರೆಪ್ಪನಿಗೆ ಗಾಡಿಯೊಳಗೆ ಎಷ್ಟು ವಾಯರ್ ಇರಬೇಕೆಂಬುದೇ ಗೊತ್ತಿರಲಿಲ್ಲ, ಜಾಸ್ತಿ ಯಾವುದು ಎಲ್ಲಿಂದ ತಿಳಿಯಬೇಕು? ಆದರೆ ಅಂಗಡಿಯಲ್ಲಿ ಇನ್ನೂ ಮೂರು ಜನ ಗಿರಾಕಿಗಳಿದ್ದರು.

"ಅವು ನಾನ ಹಾಕಿಸೀನಿ. ಮುಟ್ಟಬ್ಯಾಡ," ಎಂದ.

ಸಿದ್ದೇಶ್ವರ ಮುಟ್ಟಲಿಲ್ಲ. ಚಾರ್ಜ್ ಮಾಡಿ ಕೊಟ್ಟ. ಆ ದಿನ ಗಾಡಿ ಬಟನ್ನಿಗೇ ಚಾಲೂ ಆಯಿತು. ಅದೇ ಬೆಳಿಗ್ಗೆ ಧರೆಪ್ಪ ಪ್ಲಗ್ ತೊಳೆದಿದ್ದರಿಂದ ಯಶಸ್ಸು ಯಾರದೆಂದು ಬೇರೆ ಹೇಳಬೇಕಾಗಿರಲಿಲ್ಲ. ಎರಡನೇ ದಿನ ಮತ್ತೆ ಕಟ್ ಕಟ್ ಕಟ್.

ಇದರ ನಡುವೆ ಇನ್ನೊಂದು ಸಂಗತಿ ನಡೆಯುತ್ತಿತ್ತು. ಧರೆಪ್ಪ ಕುರಿ ಕಡೆ ಹೋದಾಗ ಅಮೋಲ ತಡವಳಕ್ಕೆ ಬಂದು ಹೋಗುತ್ತಿದ್ದ. ಒಮ್ಮೆ ಊಟದ ಡಬ್ಬಿ ಹೊಳ್ಳಿ ಕೊಡಲು, ಒಮ್ಮೆ ಅಪ್ಪ ಕಳಿಸಿದ ಕಬ್ಬು ಕೊಡಲು, ಮೂರನೇ ಸಾರಿ ಬರಿಗೈಯಲ್ಲಿ. ಸುಗಲಾಬಾಯಿ ಸಂಜೆ ವರದಿ ಒಪ್ಪಿಸಿದಳು.

"ಹುಡುಗ ಬಾಳ ಬರಾಕತ್ಯಾನ. ನಿಮ್ಮವ್ವನ ಕೂಡ ಗಾಡಿ ಹತ್ತರ ಕುಂತು ಗುಸುಗುಸು ಮಾತಾಡತಾನ."

ಧರೆಪ್ಪ ಮೀಸೆ ತಿರುವಿದ. "ಕಲಿಯಾಕ ಬರತಾನ. ನೇರ ಕೇಳಾಕ ನಾಚಿಕಿ."

ಆದಿತ್ಯವಾರ ಬಂತು. ಕಾಮಣ್ಣ ಮಂದ್ರೂಪದಿಂದ ಸೋಲಾಪುರಕ್ಕೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಜೀಪು ಹಿಡಿದು ಬರುವೆನೆಂದ. ಧರೆಪ್ಪ ಕೇಳಲಿಲ್ಲ. "ಜೀಪಿನಾಗ ಮಂದೀನ ಕುರಿ ತುಂಬಿದಂಗ ತುಂಬತಾರ. ನನ್ನ ಬೀಗರ ನನ್ನ ಗಾಡಿ ಮ್ಯಾಲ ಬರಬೇಕು" ಎಂದು ಹೆಂಡತಿ, ತಮ್ಮ ಇಬ್ಬರ ಕೈಯಿಂದಲೂ ನೂಕಿಸಿಕೊಂಡು ಸೋಲಾಪುರಕ್ಕೆ ಹೊರಟೇ ಹೋದ. ಧರೆಪ್ಪನ ತಾಯಿ, ಮುದುಕಿ ಗಂಗುಬಾಯಿ, ಮತ್ತು ಕಾಜಲ ತೆಂಗಿನಕಾಯಿ, ಸಕ್ಕರೆ, ಸುಪಾರಿ ಕೊಳ್ಳಲು ಅಕ್ಕಲಕೋಟೆಗೆ ಬಂದು ಅಮೋಲನ ಗ್ಯಾರೇಜಿನ ಹತ್ತಿರ ಕಾಯುವುದು, ಅಲ್ಲಿಂದ ಎಲ್ಲರೂ ಕೂಡಿ ತಡವಳಕ್ಕೆ ಹೋಗಿ ಸಂಜೆಗೆ ಸುಪಾರಿ ಒಡೆಯುವುದು. ಹೀಗೆ ಮಾತಾಗಿತ್ತು.

ಕಾಮಣ್ಣನಿಗೆ ಹೊಸ ರುಮಾಲು ಬೇಕಿತ್ತು. ಸೋಲಾಪುರದ ಬಜಾರ ನವಿ ಪೇಠದಲ್ಲಿ ಸಾತಲಿಂಗಪ್ಪ ಸಾವಕಾರರ ಅರಿವೆ ಅಂಗಡಿಗೆ ಇಬ್ಬರೂ ಹೋದರು. ಗಾಡಿ ಅಂಗಡಿಯ ಮುಂದೆ ಬಿಸಿಲಲ್ಲಿ ನಿಂತಿತು. ಕಾಮಣ್ಣ ಕಬ್ಬು ಬೆಳೆಯುವ ಮನುಷ್ಯ, ಯಾವುದಕ್ಕೂ ಹನ್ನೆರಡು ತಿಂಗಳು ತೆಗೆದುಕೊಂಡು ರೂಢಿ. ನಲವತ್ತು ರುಮಾಲು ಬಿಚ್ಚಿಸಿ, ಊಟಕ್ಕೆ ಹೋಗಿ ಬಂದು, ಮೊದಲು ತೋರಿಸಿದ್ದನ್ನೇ ತೆಗೆದುಕೊಂಡ. ಐದು ತಾಸು ಹಿಡಿಯಿತು. ಗುಲಾಬಿ ರುಮಾಲು ಸುತ್ತಿಕೊಂಡು ಕಾಮಣ್ಣ ಗಾಡಿಯ ಹಿಂದೆ ಕುಳಿತ. ಧರೆಪ್ಪ ಬಟನ್ ಒತ್ತಿದ.

ಕಟ್ ಕಟ್ ಕಟ್.

ಧರೆಪ್ಪನ ಗಂಟಲಿಗೆ ಪ್ಲಗ್ಗಿನ ಹೆಸರು ಬಂತು. ಮಗಳ ಮುಖ ನೆನಪಾಗಿ ನುಂಗಿಕೊಂಡ. ಮತ್ತೆ ಒತ್ತಿದ. ಮತ್ತೆ ನುಂಗಿದ. ಹಿಂದಿನಿಂದ ಕಾಮಣ್ಣ ನಿಧಾನವಾಗಿ ಇಳಿದು, ಇಂಜಿನ್ನಿಗೆ ಕಿವಿ ಕೊಟ್ಟು, ತೀರ್ಪು ಕೊಟ್ಟ.

"ಕಾರ್ಬೊರೇಟರ್."

ಕಾಮಣ್ಣನ ಹೊಲದಲ್ಲಿ ಹನ್ನೊಂದು ವರ್ಷದಿಂದ ಒಂದು ಪಂಪಿನ ಇಂಜಿನ್ ಇತ್ತು. ಅದರಲ್ಲಿ ಹನ್ನೊಂದು ವರ್ಷವೂ ಕಾರ್ಬೊರೇಟರ್ ಒಂದೇ ಕೆಟ್ಟಿತ್ತು. ಇದು ಧರೆಪ್ಪನಿಗೆ ಗೊತ್ತಿರಲಿಲ್ಲ.

"ಏನಂದ್ರಿ?" ಎಂದ ಧರೆಪ್ಪ, ಬಹಳ ಸಣ್ಣ ದನಿಯಲ್ಲಿ.

"ಕಾರ್ಬೊರೇಟರ್ನಾಗ ಕಚರಾ ಕುಂತೈತ್ರಿ ಬೀಗರ."

ಬೇರೆ ಯಾವ ಮಾತನ್ನಾದರೂ ಧರೆಪ್ಪ ತಡೆದುಕೊಳ್ಳುತ್ತಿದ್ದ. ತಾನು ಇಷ್ಟು ವರ್ಷ ಪ್ಲಗ್ಗಿನಲ್ಲಿ ಸಾಕಿ ಸಲಹಿದ ಕಚರಾವನ್ನು ಒಬ್ಬ ಕಬ್ಬಿನವನು ಬಂದು ಕಾರ್ಬೊರೇಟರಿಗೆ ಸಾಗಿಸುವುದೆಂದರೆ ಹೇಗೆ?

"ಕಚರಾ ಇರೂದು ಪ್ಲಗ್ಗಿನಾಗ," ಎಂದ.

"ಕಾರ್ಬೊರೇಟರ್ನಾಗ."

"ಬೀಗರ, ನಾ ಎರಡ ತಾಸ ಗ್ಯಾರೇಜಿನಾಗ ನಿಂತಾಂವ."

"ನನ್ನ ಮಗಂದು ಗ್ಯಾರೇಜ ಐತಿ."

"ಮಗಂದ ಐತಿ, ನಿಮ್ದಲ್ಲ."

ಜನ ಸೇರಿದರು. ಪೆಟ್ರೋಲಿನಲ್ಲಿ ನೀರಿದೆ ಅಂದ ಒಬ್ಬ. ಗಾಡಿಯ ಬಣ್ಣ ಕೆಂಪಾಗಿದ್ದರಿಂದ ಬೇಗ ಕಾಯುತ್ತದೆ ಅಂದ ಇನ್ನೊಬ್ಬ. ಟ್ರಾಫಿಕ್ ಪೊಲೀಸ ಬಂದು, "ಕಾಯ್ ಝಾಲಂ ಕಾಕಾ? ಗಾಡೀ ಬಾಜೂಲಾ ಘ್ಯಾ" ಎಂದು ಬದಿಗೆ ತೆಗೆಯಲು ಹೇಳಿದವನು, ಸದ್ದು ಕೇಳಿ ತಾನೂ ಬಗ್ಗಿ, "ಕ್ಲಚ್ ಆಹೇ ಬಹುತೇಕ" ಎಂದು ಸೇರಿಸಿದ. ಹತ್ತು ನಿಮಿಷದಲ್ಲಿ ನವಿ ಪೇಠದಲ್ಲಿ ಇಪ್ಪತ್ತು ಜನ ವೈದ್ಯರು, ಒಂದು ರೋಗಿ.

ಸಾತಲಿಂಗಪ್ಪನವರು ಗಾದಿಯಿಂದ ಇಳಿದು ಬಂದರು. "ಧರೆಪ್ಪಾ, ಗಾಡಿ ಅಂಗಡಿ ಬಾಗಲಕ್ಕ ಅಡ್ಡ ಐತಿ. ಗಿರಾಕಿ ಹೊಳ್ಳಿ ಹೊಂಟಾವ."

"ನೀವ ಹೇಳ್ರಿ ಸಾವಕಾರ್ರ. ಪ್ಲಗ್ಗೋ, ಕಾರ್ಬೊರೇಟರೋ?"

"ನಾ ಅರಿವಿ ಮಾರಾಂವ. ಎರಡೂ ಮೀಟರ್ ಲೆಕ್ಕದಾಗ ಸಿಗೂದಿಲ್ಲ."

ಕಾಮಣ್ಣ ರುಮಾಲು ಗಟ್ಟಿ ಮಾಡಿಕೊಂಡ. "ಕೇಳ್ರಿ ಎಲ್ಲಾರೂ. ಇವರು ಕಾರ್ಬೊರೇಟರ್ ಅಂತ ಒಪ್ಪೂತನ ನಾ ಸುಪಾರಿ ಒಡಿಯಂಗಿಲ್ಲ."

"ಇವರು ಪ್ಲಗ್ ಅಂತ ಒಪ್ಪೂತನ ನಾ ಸುಪಾರಿ ಚೀಲಾ ಬಿಚ್ಚಂಗಿಲ್ಲ," ಎಂದ ಧರೆಪ್ಪ. ಮಾತು ಬಾಯಿಂದ ಹೊರಟ ಮೇಲೆ ಮಗಳು ನೆನಪಾದಳು. ಆದರೆ ಇಪ್ಪತ್ತು ಜನ ಕೇಳಿದ್ದರು.

"ಹಂಗಾರ ಹುಡುಗಂದ ಗ್ಯಾರೇಜ ಐತೆಲ್ಲ, ಅವನ್ನ ಕೇಳ್ರಿ," ಎಂದರು ಸಾತಲಿಂಗಪ್ಪ. "ಅಂವ ಹೇಳಿದ್ದ ಆಖರಿ. ಈಗ ಗಾಡಿ ತಗೀರಿ."

ಇಬ್ಬರೂ ಒಪ್ಪಿದರು. ಈಗ ಗಾಡಿ ನೂಕಬೇಕು. ರೋಗ ಹೇಳಿದ ಇಪ್ಪತ್ತು ಜನಕ್ಕೂ ಆ ಗಳಿಗೆಗೆ ಸರಿಯಾಗಿ ಕೆಲಸ ನೆನಪಾಯಿತು. ಧರೆಪ್ಪ ಗಾಡಿ ಹಿಡಿಯಬೇಕು. ನೂಕಲು ಉಳಿದವನು ಒಬ್ಬನೇ. ಸುಪಾರಿ ಒಡೆಯಲು ಬಂದ ಬೀಗ, ಹೊಸ ಗುಲಾಬಿ ರುಮಾಲು ಸುತ್ತಿಕೊಂಡು, ಹುಡುಗಿಯ ಅಪ್ಪನನ್ನು ಗಾಡಿಯ ಮೇಲೆ ಕೂಡಿಸಿ ನವಿ ಪೇಠದ ತುಂಬ ನೂಕುತ್ತಾ ಹೋದ. ಇಂಥ ಮೆರವಣಿಗೆಯನ್ನು ಸೋಲಾಪುರ ಅದಕ್ಕೆ ಮೊದಲು ಕಂಡಿರಲಿಲ್ಲ. ಅರ್ಧ ಬಜಾರ ದಾಟಿದ ಮೇಲೆ ಗಾಡಿ ಕೆಮ್ಮಿತು. ರುಮಾಲು ಬಿಚ್ಚಿ ಹಿಂದೆ ಬಾಲದಂತೆ ಹಾರುತ್ತಿರಲು ಕಾಮಣ್ಣ ಓಡಿಬಂದು ಹಾರಿ ಕುಳಿತ.

ಅಲ್ಲಿಂದ ಅಕ್ಕಲಕೋಟೆಯವರೆಗೆ ಗಾಡಿ ನಿಲ್ಲಿಸುವಂತಿಲ್ಲ, ನಿಂತರೆ ಮತ್ತೆ ನೂಕಬೇಕು. ದಾರಿಯಲ್ಲಿ ಕಾಮಣ್ಣನಿಗೆ ಒಂದಕ್ಕೆ ಬಂತು. ಅವನು ಬೇವಿನ ಮರದ ಹಿಂದೆ ಹೋಗಿ ಬರುವವರೆಗೆ ಧರೆಪ್ಪ ಗಾಡಿಯನ್ನು ಆ ಮರದ ಸುತ್ತ ತಿರುಗಿಸುತ್ತಲೇ ಇದ್ದ. ಕಾಮಣ್ಣನಿಗೆ ಯಾವ ಕಡೆ ಮುಖ ಮಾಡಿದರೂ ಬೀಗರೇ ಕಾಣುತ್ತಿದ್ದರು. ಅವನು ಹಾಗೆಯೇ ಬಂದು ಕುಳಿತ.

ಗ್ಯಾರೇಜಿನ ಮುಂದೆ ಗಾಡಿ ನಿಂತಾಗ ಹೊತ್ತು ಇಳಿಯುತ್ತಿತ್ತು. ಕಾಜಲ ಚೀಲ ಹಿಡಿದು ಬಾಕಿನ ಮೇಲೆ ಕುಳಿತಿದ್ದಳು. ಗಂಗುಬಾಯಿ ಬಳೆ ಅಂಗಡಿಗೆ ಹೋಗಿದ್ದಳು. ಧರೆಪ್ಪ ಇಳಿಯುವ ಮೊದಲೇ ಕೇಳಿದ.

"ಅಮೋಲ, ಒಂದ ಮಾತಿನಾಗ ಹೇಳು. ಪ್ಲಗ್ಗೋ, ಕಾರ್ಬೊರೇಟರೋ? ನೀ ಹೇಳಿದ ಮ್ಯಾಲ ಸುಪಾರಿ."

ಕಾಜಲ ಕಣ್ಣು ಮುಚ್ಚಿಕೊಂಡಳು.

ಅಮೋಲ ಗಾಡಿ ನೋಡಿದ, ಅಪ್ಪನನ್ನು ನೋಡಿದ, ಮಾವನನ್ನು ನೋಡಿದ. ಪ್ಲಗ್ ಎಂದರೆ ಅಪ್ಪ ಸುಪಾರಿ ಒಡೆಯುವುದಿಲ್ಲ. ಕಾರ್ಬೊರೇಟರ್ ಎಂದರೆ ಮಾವ ಚೀಲ ಬಿಚ್ಚುವುದಿಲ್ಲ. ಇನ್ನೊಂದು ಉತ್ತರವೂ ಅವನಿಗೆ ಗೊತ್ತಿತ್ತು, ಆದರೆ ಅದನ್ನು ಹೇಳಿದರೆ ಈ ಇಬ್ಬರಿಗಿಂತ ದೊಡ್ಡವರ ಸಿಟ್ಟು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಎಣ್ಣೆ ಅರಿವೆಯಿಂದ ಒರೆಸುತ್ತಾ ನಿಂತ. ಅದು ಮೊದಲೇ ಹಸನಾಗಿತ್ತು.

"ನನಗ ತಿಳಿಯವಲ್ದು ಮಾಮಾ," ಎಂದ.

"ತಿಳಿಯವಲ್ದು? ಮತ್ತ ಬೋರ್ಡ ಯಾಕ ಹಾಕೀದಿ?" ಎಂದ ಧರೆಪ್ಪ. "ಗಾಡಿ ರೋಗ ತಿಳೀದ ಮೆಕ್ಯಾನಿಕ್‌ಗೆ ನಾ ಮಗಳ್ನ ಕೊಡಂಗಿಲ್ಲ."

"ಕಾರ್ಬೊರೇಟರ್ ಗುರ್ತ ಹಿಡೀದಾಂವ ನನ್ನ ಮಗನ ಅಲ್ಲ," ಎಂದ ಕಾಮಣ್ಣ. ಆ ದಿನ ಇಬ್ಬರೂ ಮೊದಲ ಬಾರಿಗೆ ಒಂದೇ ಅಭಿಪ್ರಾಯಕ್ಕೆ ಬಂದಿದ್ದರು.

ಕಾಜಲ ಎದ್ದು, ಅದೇ ಹೊತ್ತಿಗೆ ಕೈತುಂಬ ಹಸಿರು ಬಳೆ ಇಟ್ಟುಕೊಂಡು ಬಂದ ಅಜ್ಜಿಯ ಕೈಗೆ ಸುಪಾರಿ ಪೊಟ್ಟಣ ಕೊಟ್ಟಳು. "ಆಯಿ, ಇದನ್ನ ನಿನ್ನ ಎಲಿ ಅಡಕಿ ಸಂಚಿಗೆ ಹಾಕ್ಕೋ. ನಾಳಿಂದ ನಾ ಕುರಿ ಕಡೆ ಹೊಕ್ಕೀನಿ."

ಗಂಗುಬಾಯಿಗೆ ಅದು ಕೇಳಿಸಲೇ ಇಲ್ಲ. ಅವಳು ನೇರ ಗಾಡಿಯ ಬಲಗಡೆಗೆ ಹೋಗಿ, ಡಬ್ಬಿಯ ಸಂದಿಗೆ ಕಣ್ಣು ಹಚ್ಚಿ ಬಗ್ಗಿದಳು.

"ಅಮೋಲ, ದೀಪಾ ಮಂದ ಆಗ್ಯಾವಲ್ಲೋ. ಎಣ್ಣಿ ಅಲ್ಲ ಬತ್ತಿ ಅಲ್ಲ, ಇವಕ್ಕ ಏನ ಹಾಕಬೇಕು?"

ಗ್ಯಾರೇಜಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಅಮೋಲ ಪಾನಾ ಕೆಳಗಿಟ್ಟು ಉದ್ದಕ್ಕೆ ಉಸಿರು ಬಿಟ್ಟ. "ನಾ ಹೇಳಿಲ್ಲ ಆಯಿ. ನೀನ ಹೇಳೀದಿ."

ಗಂಗುಬಾಯಿ ಸಂಚಿಯಿಂದ ಒಂದು ಸಣ್ಣ ಕೀಲಿ ತೆಗೆದಳು. ಎಂದೋ ಕಳೆದದ್ದು ಅದೇ ಕೀಲಿ. ಡಬ್ಬಿ ತೆಗೆದರೆ ಒಳಗೆ ಮನೆದೇವರು ಬೀರೋಬನ ಫೋಟೋ, ಒಂದು ಹಿಡಿ ಅರಿಶಿನದ ಭಂಡಾರ, ಎರಡು ವಾಯರಿನ ತುದಿಗೆ ಮೂರು ಸಣ್ಣ ಕೆಂಪು ಬಲ್ಬು, ಮಿಣುಕು ಮಿಣುಕು ಉರಿಯುತ್ತಿದ್ದವು.

"ಎರಡ ಸಂಬಂಧ ಇದ ಗಾಡಿ ಮ್ಯಾಲ ಮುರದಾವ," ಎಂದಳು ಗಂಗುಬಾಯಿ. "ಗಾಡಿಗೆ ಪೀಡಾ ಐತಿ. ಅದಕ್ಕ ಹರಕಿ ಹೊತ್ತೀನಿ, ಕಾಜಲಂದ ಸುಪಾರಿ ಒಡಿಯೂತನ ಬೀರೋಬನ ದೀಪಾ ಗಾಡಿಯಾಗ ಆರಬಾರದು ಅಂತ. ಹುಡುಗನ ಕಡಿಂದ ಹಚ್ಚಿಸೀನಿ. ಯಾರಿಗೂ ಹೇಳಬ್ಯಾಡ ಅಂತ ಭಂಡಾರ ಮುಟ್ಟಿಸೀನಿ."

ಭಂಡಾರ ಮುಟ್ಟಿ ಕೊಟ್ಟ ಮಾತು ಮುರಿದವರು ಆ ಕಡೆಯ ಯಾವ ಊರಲ್ಲೂ ಇಲ್ಲ. ಇದ್ದರೂ ಹೇಳಿಕೊಂಡಿಲ್ಲ.

"ಮೂರ ಯಾಕ ಅದಾವಬೇ?" ಎಂದ ಧರೆಪ್ಪ.

"ಒಂದ ಬೀರೋಬಂದು. ಅದನ್ನ ಹಚ್ಚಿದ ಮರುದಿನಾನ ಗಾಡಿ ನಿಂತತು. ದೀಪಾ ಸಾಲಂಗಿಲ್ಲೇನೋ ಅಂತ ಮೈಲಾರಂದೊಂದ ಹಚ್ಚಿಸಿದೆ. ಮತ್ತೂ ಹೆಚ್ಚ ಕೆಟ್ಟತು."

"ಮೂರನೇದು?"

"ಮೂರನೇದು ಗಾಡಿ ಚಾಲೂ ಆಗಲಿ ಅಂತ."

ಯಾರೂ ನಗಲಿಲ್ಲ. ಚಪ್ಪಲಿ ಬಿಟ್ಟು, ಧರೆಪ್ಪನೂ ಕಾಮಣ್ಣನೂ ಗಾಡಿಯ ಮುಂದೆ ಕೈಮುಗಿದು ನಿಂತರು. ಅಮೋಲ ಸಾವಕಾಶವಾಗಿ ಹೇಳಿದ: "ಮೂರೂ ಹಗಲೂ ರಾತ್ರಿ ಬ್ಯಾಟ್ರಿ ಕುಡಿಯಾಕತ್ಯಾವ. ದೀಪಾ ತಗದ್ರ ಗಾಡಿ ಚಾಲೂ ಆಕೈತಿ."

"ಸುಪಾರಿ ಒಡದ್ರ ದೀಪಾ ತಗೀಬೌದು," ಎಂದಳು ಗಂಗುಬಾಯಿ.

"ಗಾಡೀದ ರೋಗ ಒಪ್ಪಿದ್ರ ಸುಪಾರಿ," ಎಂದರು ಬೀಗರಿಬ್ಬರೂ, ಅಭ್ಯಾಸಬಲದಿಂದ.

ಅಮೋಲ ಸ್ಕ್ರೂಡ್ರೈವರ್ ಅಪ್ಪನ ಕಡೆ ಚಾಚಿದ. ಕಾಮಣ್ಣ ಒಂದು ಹೆಜ್ಜೆ ಹಿಂದೆ ಸರಿದ. "ಗಾಡಿ ಅವರದು. ಅವರ ತಗೀಲಿ."

"ನೀವ ಹಿರ್ಯಾರು," ಎಂದ ಧರೆಪ್ಪ. "ಗಂಡಿನ ಕಡಿಯವರು. ನಿಮ್ಮ ಕೈಲೆ ಆಗಲಿ."

"ನಿಮ್ಮ ಮನೀ ದೇವರ ಐತಿ."

"ನಿಮ್ದೂ ಅದ ಐತಿ."

ಪ್ಲಗ್ ಬಿಚ್ಚಲು ನಿಮಿಷ ತಡೆಯದವನು, ಕಾರ್ಬೊರೇಟರ್ ಬಿಚ್ಚಲು ಹನ್ನೊಂದು ವರ್ಷ ಹೆದರದವನು, ಇಬ್ಬರೂ ಎರಡಿಂಚಿನ ವಾಯರ್ ಮುಟ್ಟಲು ಒಲ್ಲರು. ಆಗ ಕಾಜಲ ಅಜ್ಜಿಯ ಸಂಚಿಯಿಂದ ಸುಪಾರಿ ಹೊಳ್ಳಿ ತೆಗೆದು, ಗ್ಯಾರೇಜಿನ ಕಬ್ಬಿಣದ ಹಲಗೆಯ ಮೇಲಿಟ್ಟು, ಪಕ್ಕದಲ್ಲಿ ಸುತ್ತಿಗೆ ಇಟ್ಟಳು.

"ಪ್ಲಗ್ಗೂ ಅಲ್ಲ, ಕಾರ್ಬೊರೇಟರೂ ಅಲ್ಲ. ಇಬ್ಬರೂ ಸೋತೀರಿ, ಸಮಾ ಆತು. ಒಡೀತೀರೋ, ನಾ ಕುರಿ ಕಡೆ ಹೋಗ್ಲೋ?"

ಕಾಮಣ್ಣ ರುಮಾಲಿನಿಂದ ಬೆವರು ಒರೆಸಿಕೊಂಡ. "ಬೀರೋಬನ ಬ್ಯಾಟ್ರಿ ಕುಡದ ಮ್ಯಾಲ ಕಾರ್ಬೊರೇಟರ್ ಪಾಪ ಏನ ಮಾಡೀತು."

"ಪ್ಲಗ್ಗಂತೂ ಬಡವಂದು," ಎಂದ ಧರೆಪ್ಪ.

ಇಬ್ಬರೂ ಕೂಡಿ ಒಂದೇ ಸುತ್ತಿಗೆ ಹಿಡಿದು ಸುಪಾರಿ ಒಡೆದರು. ಗಂಗುಬಾಯಿ ಎಲ್ಲರ ಹಣೆಗೆ ಭಂಡಾರ ಹಚ್ಚಿದಳು, ಗಾಡಿಯ ಹೆಡ್‌ಲೈಟಿಗೂ ಹಚ್ಚಿದಳು. ಅಮೋಲ ವಾಯರ್ ಬಿಡಿಸಿ, ಮೂರೂ ದೀಪ ಅವಳ ಸೆರಗಿಗೆ ಹಾಕಿ, ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟು ಕೊಟ್ಟು ಬಟನ್ ಒತ್ತಿದ. ಒಂದೇ ಸಾರಿಗೆ ಗಾಡಿ ಚಾಲೂ ಆಯಿತು. ಹಾರ್ನು ಟಗರಿನ ಹಾಗೆ ಕೂಗಿತು.

ಧರೆಪ್ಪ ಕಾಮಣ್ಣನ ಕಿವಿಯ ಹತ್ತಿರ ಬಂದು ಹೇಳಿದ: "ನೀವ ಹಣಿಗೆ ಭಂಡಾರ ಹಚ್ಚಿಸಿಕೊಳ್ಳೂ ಹೊತ್ತಿನಾಗ ನಾ ಪ್ಲಗ್ ಒರಸಿದ್ದೆ."

ಲಗ್ನ ಆಯಿತು. ಚೆನ್ನಾಗಿಯೇ ಆಯಿತು. ಆದರೆ ಎರಡು ತಿಂಗಳಿಗೆ ಅಮೋಲನ ಸ್ವಂತ ಗಾಡಿ ಬೆಳಿಗ್ಗೆ ಎದ್ದು ಕಟ್ ಕಟ್ ಕಟ್ ಅನ್ನತೊಡಗಿತು. ಅಮೋಲ ತಿಳಿದವನು, ಪ್ಲಗ್ ನೋಡಲಿಲ್ಲ, ಕಾರ್ಬೊರೇಟರ್ ನೋಡಲಿಲ್ಲ, ನೇರ ಬಲಗಡೆ ಡಬ್ಬಿ ತೆಗೆದ. ಭಂಡಾರ, ಫೋಟೋ, ಒಂದು ಕೆಂಪು ದೀಪ. ಮರಿಮೊಮ್ಮಗ ಹುಟ್ಟುವವರೆಗೆ ಆರಬಾರದಂತೆ. ಈ ಸಾರಿ ಭಂಡಾರ ಮುಟ್ಟಿ ವಾಯರ್ ಹಚ್ಚಿಕೊಟ್ಟವನು ಕಾಮಣ್ಣ. ಅಕ್ಕಲಕೋಟೆಗೆ ಹೋದರೆ ಈಗಲೂ ನೋಡಬಹುದು, ಮೆಕ್ಯಾನಿಕ್ ಅಮೋಲ ದಿನಾ ಬೆಳಿಗ್ಗೆ ತನ್ನ ಗಾಡಿಯನ್ನು ತಾನೇ ನೂಕಿಕೊಂಡು ಗ್ಯಾರೇಜಿಗೆ ಹೋಗುತ್ತಾನೆ. ತೆಗೆಯಲು ಅವನಿಗೂ ಕೈ ಬಂದಿಲ್ಲ.

ಅದಿರಲಿ, ನಿಮ್ಮ ಗಾಡಿಯ ಡಬ್ಬಿಯ ಕೀಲಿ ಸಿಗುತ್ತಿಲ್ಲ ಎಂದು ಆಗಲೇ ಹೇಳಿದಿರಲ್ಲ? ಮನೆಯಲ್ಲಿ ನಿಮ್ಮ ತಾಯಿ ಇದ್ದಾರೆ, ತಂಗಿಗೆ ವರ ನೋಡುತ್ತಿದ್ದೀರಿ ಎಂದೂ ಹೇಳಿದಿರಿ. ನಾನೇನೂ ಹೇಳುತ್ತಿಲ್ಲ, ಸುಮ್ಮನೆ ಕೇಳಿದೆ. ಅರೆ, ಚಹಾ ಬಂತು, ಎಲ್ಲಿಗೆ ಹೊರಟಿರಿ, ಕಾಮಣ್ಣನ ಪಂಪಿನ ಇಂಜಿನ್ನಿನೊಳಗೆ ಆ ಮುದುಕಿ ಇಡಿಸಿದ ಐದನೇ ದೀಪದ ಕತೆ ಇನ್ನೂ ಬಾಕಿ ಇದೆ!